‘1084ರ ತಾಯಿ’ಯನ್ನು ಬಳಗದಲ್ಲಿ ಓದುವುದು ಹೇಗೆ?

ಮಹಾಶ್ವೇತಾ ದೇವಿಯವರ ಬಂಗಾಳಿ ಕಾದಂಬರಿ ‘ಹಾಜಾರ್ ಚುರಾಶಿರ್ ಮಾ’, ಅಂದರೆ ‘1084ರ ತಾಯಿ’, 1974ರಲ್ಲಿ ಪುಸ್ತಕವಾಗಿ ಬಂದಿತು. ಗಾತ್ರದಲ್ಲಿ ಚಿಕ್ಕದಾದ್ದರಿಂದ ಒಂದೇ ಸಲ ಕೂತು ಮುಗಿಸಿಬಿಡಬಹುದು ಎನಿಸುತ್ತದೆ. ಹಾಗೆ ಮಾಡಬೇಡಿ ಎಂಬುದೇ ನನ್ನ ಮೊದಲ ಸಲಹೆ. ಕತೆಯ ವರ್ತಮಾನವೆಲ್ಲ ಜನವರಿ 17ರ ಒಂದೇ ದಿನದಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ನಾಲ್ಕು ಭಾಗಗಳಾಗಿ ನಡೆಯುತ್ತದೆ; ಓದುಗರ ಬಳಗವು ವಾರಕ್ಕೆ ಒಂದು ಭಾಗವನ್ನು ಇಟ್ಟುಕೊಂಡರೆ, ಮಗನನ್ನು ಕಳೆದುಕೊಂಡ ತಾಯಿ ಸುಜಾತಾಳ ಆ ದಿನದ ಭಾರ ಸರಿಯಾಗಿ ದಕ್ಕುತ್ತದೆ. ಸದಸ್ಯರಲ್ಲಿ ಮಗುವನ್ನು ಕಳೆದುಕೊಂಡವರು ಯಾರಾದರೂ ಇದ್ದರೆ ಪುಸ್ತಕದ ವಸ್ತುವನ್ನು ಮೊದಲೇ ಅವರಿಗೆ ತಿಳಿಸಿ, ಬರುವುದೂ ಬಿಡುವುದೂ ಅವರ ಇಚ್ಛೆಗೆ ಸೇರಿದ್ದೆಂದು ಸ್ಪಷ್ಟವಾಗಿ ಹೇಳಬೇಕು.

ಹಿನ್ನೆಲೆಯ ಬಗ್ಗೆ ಸ್ವಲ್ಪ ತಿಳಿದಿದ್ದರೆ ಸಾಕು. 1967ರಲ್ಲಿ ಉತ್ತರ ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರು ಬಂಡೆದ್ದರು. ಅದರಿಂದ ಪ್ರೇರಿತರಾಗಿ ಚಳವಳಿಗಿಳಿದ ಕಲ್ಕತ್ತೆಯ ಅನೇಕ ವಿದ್ಯಾರ್ಥಿಗಳು 1970ರ ಆಸುಪಾಸಿನಲ್ಲಿ ಕೊಲೆಯಾದರು. ಸುಜಾತಾಳ ಕಿರಿಯ ಮಗ ಬ್ರತಿ ಅಂಥವರಲ್ಲಿ ಒಬ್ಬ. ಶವಾಗಾರದಲ್ಲಿ ಅವನಿಗೆ ಸಿಕ್ಕ ಸಂಖ್ಯೆಯೇ 1084.

ಮೊದಲ ಭಾಗವನ್ನು ಓದುವಾಗ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಬ್ರತಿಯ ಹೆಸರನ್ನು ಮನೆಯವರಲ್ಲಿ ಯಾರು ಎತ್ತುತ್ತಾರೆ, ಯಾರು ಮಾತು ತೇಲಿಸುತ್ತಾರೆ ಎಂಬುದಕ್ಕೆ ಅಂಚಿನಲ್ಲಿ ಗುರುತು ಹಾಕುತ್ತ ಹೋಗಿ. ಆ ದಿನ ಅವನ ಹುಟ್ಟುಹಬ್ಬವೂ ಹೌದು, ಸತ್ತ ದಿನವೂ ಹೌದು. ಆದರೂ ಮನೆಯಲ್ಲಿ ಅಕ್ಕ ತುಲಿಯ ನಿಶ್ಚಿತಾರ್ಥದ ಸಡಗರ ನಡೆದಿದೆ. ತಂದೆ ದಿವ್ಯನಾಥನ ನಡವಳಿಕೆಯನ್ನು ವಿಶೇಷವಾಗಿ ಗಮನಿಸಬೇಕು: ಮಗನ ಸಾವಿನ ಸುದ್ದಿ ಬಂದ ಕೂಡಲೇ ಅವನು ಓಡುವುದು ಶವಾಗಾರಕ್ಕಲ್ಲ, ಪತ್ರಿಕೆಯಲ್ಲಿ ಮಗನ ಹೆಸರು ಬಾರದಂತೆ ಪ್ರಭಾವಿಗಳನ್ನು ಹಿಡಿಯುವುದಕ್ಕೆ, ತಮ್ಮ ಕಾರನ್ನು ಶವಾಗಾರದ ಮುಂದೆ ನಿಲ್ಲಿಸುವುದಕ್ಕೂ ಅವನು ಒಪ್ಪುವುದಿಲ್ಲ. ಈ ಕುಟುಂಬದ ದುಃಖ ವರ್ಷ ಕಳೆದರೂ ಮಾಯದಿರುವುದು ಮಗ ಸತ್ತದ್ದರಿಂದ ಮಾತ್ರವಲ್ಲ, ಅವನು ಬದುಕಿದ್ದನೆಂಬುದನ್ನೇ ಮನೆ ಅಳಿಸಿಹಾಕಿದ್ದರಿಂದ ಎಂದು ನಾನು ದೃಢವಾಗಿ ನಂಬುತ್ತೇನೆ. ನೀವು ಹಾಕಿದ ಗುರುತುಗಳನ್ನು ಚರ್ಚೆಯ ದಿನ ಒಟ್ಟಿಗೆ ನೋಡಿದರೆ ಇದು ಒಪ್ಪತಕ್ಕ ಮಾತೇ ಅಲ್ಲವೇ ಎಂಬುದು ನಿಮಗೇ ತಿಳಿಯುತ್ತದೆ.

ಮಧ್ಯಾಹ್ನದ ಭಾಗಕ್ಕೆ ಹೆಚ್ಚು ಸಮಯ ಕೊಡಿ, ಸಾಧ್ಯವಿದ್ದರೆ ಗಟ್ಟಿಯಾಗಿ ಓದಿ. ಸುಜಾತಾ ಬ್ರತಿಯ ಜೊತೆಗೇ ಕೊಲೆಯಾದ ಗೆಳೆಯ ಸೋಮುವಿನ ಬಡ ಮನೆಗೆ ಹೋಗುತ್ತಾಳೆ. ಮಗ ತನ್ನ ಕೊನೆಯ ರಾತ್ರಿಯನ್ನು ಕಳೆದದ್ದು ಅಲ್ಲಿ. ಸೋಮುವಿನ ತಾಯಿ ಬಾಯಿಬಿಟ್ಟು ಅಳುತ್ತಾಳೆ, ಮಗನ ಹೆಸರು ಹಿಡಿದು ಗೋಳಿಡುತ್ತಾಳೆ. ಬ್ಯಾಂಕಿನ ಕೆಲಸವೂ ದೊಡ್ಡ ಮನೆಯೂ ಇರುವ ಸುಜಾತಾಳಿಗೆ ಅಳುವ ಜಾಗವೊಂದು ಸಿಗುವುದಾದರೆ ಅದು ಈ ಮನೆಯಲ್ಲೇ. ಆದರೆ ಇಬ್ಬರು ತಾಯಂದಿರನ್ನು ದುಃಖ ಒಂದು ಮಾಡಿತು ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ಈ ದೊಡ್ಡ ಮನೆಯ ಹೆಂಗಸು ಬಂದುಹೋಗುವುದು ಸೋಮುವಿನ ಅಕ್ಕನಿಗೆ ಇಷ್ಟವಿಲ್ಲ. ಸಂಸಾರದ ಹೊಣೆ ಹೊತ್ತು ಅದೇ ಬೀದಿಯಲ್ಲಿ ಬದುಕಬೇಕಾದವಳು ಅವಳು. ಆ ಹುಡುಗಿಯ ಸಿಟ್ಟನ್ನು ಬಳಗದಲ್ಲಿ ಒಬ್ಬರಾದರೂ ಅವಳ ಪರವಾಗಿ ನಿಂತು ವಿವರಿಸುವಂತೆ ಮಾಡಿ.

ಮುಂದಿನ ಭಾಗದಲ್ಲಿ ಬರುವ ನಂದಿನಿ ಬ್ರತಿಯನ್ನು ಪ್ರೀತಿಸಿದವಳು, ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿದವಳು. ತಾಯಿಗೆ ಗೊತ್ತಿರದ ಬ್ರತಿಯನ್ನು ಅವಳು ತಿಳಿಸುತ್ತಾಳೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮಗನನ್ನು ಹೆಚ್ಚು ಅರಿತಷ್ಟೂ ಸುಜಾತಾಳ ನೋವು ಇಳಿಯುತ್ತದೆಯೇ, ಏರುತ್ತದೆಯೇ?

ರಾತ್ರಿಯ ಔತಣಕ್ಕೆ ಬರುವ ಪೊಲೀಸ್ ಅಧಿಕಾರಿ ಸರೋಜ್ ಪಾಲ್‌ನ ಹೆಸರನ್ನು ಮೊದಲಿನಿಂದಲೇ ನೆನಪಿಟ್ಟುಕೊಳ್ಳಿ. ಕೊನೆಯ ಪುಟದಲ್ಲಿ ಸುಜಾತಾ ಚೀರಿ ಬೀಳುತ್ತಾಳೆ. ಅಪೆಂಡಿಕ್ಸ್ ಒಡೆಯಿತೆಂದು ದಿವ್ಯನಾಥ ಕೂಗುತ್ತಾನೆ. ಆ ಮಾತನ್ನು ಹಾಗೇ ಒಪ್ಪಿ ಪುಸ್ತಕ ಮುಚ್ಚದೆ ಅದೇ ಕೂಟದಲ್ಲಿ ಮೊದಲ ಪುಟಗಳನ್ನು ಮತ್ತೆ ಓದಬೇಕು. ಬ್ರತಿಯನ್ನು ಹೆರಲು ಅವಳು ಒಬ್ಬಳೇ ಹೊರಟ ಹೊತ್ತಿನ ಹೊಟ್ಟೆನೋವು ಅಲ್ಲಿದೆ.

ಗೋವಿಂದ್ ನಿಹಲಾನಿಯವರು 1998ರಲ್ಲಿ ಮಾಡಿದ ಹಿಂದಿ ಚಿತ್ರವನ್ನು ನೋಡುವುದಾದರೆ ಓದು ಮುಗಿದ ಮೇಲೆಯೇ ನೋಡಿ. ಮೊದಲೇ ನೋಡಿದರೆ ಜಯಾ ಬಚ್ಚನ್ ಅವರ ಮುಖವೇ ಸುಜಾತಾಳ ಮುಖವಾಗಿ ಮನಸ್ಸಿನಲ್ಲಿ ಕೂತುಬಿಡುತ್ತದೆ, ಪುಸ್ತಕ ಕಟ್ಟಿಕೊಡುವ ಸುಜಾತಾಳನ್ನು ನೀವಾಗಿ ಕಾಣುವ ಅವಕಾಶ ತಪ್ಪುತ್ತದೆ.