ಅಕ್ಷರ ನೋಡಿ ಲಿಪಿಕಾರನನ್ನು ಗುರುತಿಸುವುದು ಹೇಗೆ?

ಎರಡು ಹಳೆಯ ಇಂಗ್ಲಿಷ್ ಹಸ್ತಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ‘ಎರಡರಲ್ಲೂ ಜಿ ಅಕ್ಷರ 8ರ ಹಾಗಿದೆ, ಅಂದಮೇಲೆ ಬರೆದವನು ಒಬ್ಬನೇ’ ಎಂದುಬಿಡುವವರು ಬಹಳ. 14ನೇ ಶತಮಾನದ ಇಂಗ್ಲೆಂಡಿನಲ್ಲಿ ಆಂಗ್ಲಿಕಾನ ಎಂಬ ಲಿಪಿ ಕಲಿತವರೆಲ್ಲ ಜಿ ಬರೆಯುತ್ತಿದ್ದುದೇ ಹಾಗೆ. ಗುರು ತಿದ್ದಿಸಿದ ಆಕಾರ ಬೇರೆ, ಕೈಗೆ ಅಂಟಿದ ರೂಢಿ ಬೇರೆ. ಲಿಪಿಕಾರ ಸಿಗುವುದು ರೂಢಿಯಲ್ಲಿ.

ಚಿತ್ರಗಳು

ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್‌ಬರಿ ಟೇಲ್ಸ್’ನ ಎರಡು ಮುಖ್ಯ ಪ್ರತಿಗಳಿಂದಲೇ ಅಭ್ಯಾಸ ಶುರು ಮಾಡಿ. ಹೆಂಗರ್ಟ್ ಪ್ರತಿ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ, ಎಲ್ಸ್‌ಮಿಯರ್ ಪ್ರತಿ ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಗ್ರಂಥಾಲಯದಲ್ಲಿದೆ. ಎರಡರ ಬಣ್ಣದ ಚಿತ್ರಗಳೂ ಅಂತರ್ಜಾಲದಲ್ಲಿ ಉಚಿತ. ಹಳೆಯ ಕಪ್ಪು-ಬಿಳುಪು ಮುದ್ರಣಗಳನ್ನು ನೆಚ್ಚಬೇಡಿ, ಕೂದಲೆಳೆಯಂಥ ಗೆರೆಗಳು ಅಲ್ಲಿ ಮಾಯವಾಗಿರುತ್ತವೆ. ಬರಹವನ್ನು ಓದಿಕೊಡುವ ತಂತ್ರಾಂಶಗಳಿಂದಲೂ ಈ ಕೆಲಸ ಆಗದು. ಅವು ಪಠ್ಯವನ್ನು ಓದುತ್ತವೆ, ಬರೆದವನನ್ನು ಹೇಳುವುದಿಲ್ಲ.

ಮೊದಲು ಲಿಪಿ, ಆಮೇಲೆ ಕೈ

ಆ ಕಾಲದ ಓಡುಬರಹದಲ್ಲಿ ಎರಡು ಮಾದರಿಗಳನ್ನು ತಿಳಿದಿದ್ದರೆ ಸಾಕು. ಆಂಗ್ಲಿಕಾನದಲ್ಲಿ ಎ ಅಕ್ಷರಕ್ಕೆ ಮೇಲೊಂದು ಕೆಳಗೊಂದು ಹೊಟ್ಟೆ, ಆರ್‌ನ ಕಾಲು ಸಾಲಿನ ಕೆಳಕ್ಕೆ ಇಳಿಯುತ್ತದೆ, ಜಿ 8ರಂತಿರುತ್ತದೆ. 14ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿಗೆ ಬಂದ ಸೆಕ್ರೆಟರಿಯಲ್ಲಿ ಎಗೆ ಒಂದೇ ಹೊಟ್ಟೆ, ಆರ್ ಗಿಡ್ಡ, ಜಿಯ ಬಾಲ ತೆರೆದಿರುತ್ತದೆ. ಈ ಪಟ್ಟಿಯಲ್ಲಿರುವ ಯಾವುದೂ ಲಿಪಿಕಾರನ ಗುರುತಲ್ಲ. ಪಟ್ಟಿಯನ್ನು ಬರೆದಿಟ್ಟುಕೊಂಡು, ನಿಮ್ಮ ಸಾಕ್ಷ್ಯದಿಂದ ಅವನ್ನೆಲ್ಲ ಹೊಡೆದುಹಾಕಿ. ಆದರೆ ಒಬ್ಬ ಆಂಗ್ಲಿಕಾನದ ನಡುವೆ ಸೆಕ್ರೆಟರಿಯ ಎ ಅನ್ನು ಎಲ್ಲಿ, ಎಷ್ಟು ಸಲ ಬೆರೆಸುತ್ತಾನೆ ಎಂಬುದು ಅವನದೇ ಅಭ್ಯಾಸ. ಅದನ್ನು ಬಿಡಬೇಡಿ.

ಅಕ್ಷರ ಬಿಚ್ಚುವುದು

ಹೆಚ್ಚಿನವರು ಎಡವುವುದು ಇಲ್ಲಿ. ಒಂದೊಂದು ಅಕ್ಷರಕ್ಕೆ ಒಂದೇ ಚಂದದ ಮಾದರಿ ಕತ್ತರಿಸಿಕೊಂಡು ಹೋಲಿಸುತ್ತಾರೆ. ಒಂದು ಮಾದರಿ ಏನನ್ನೂ ಸಾಬೀತು ಮಾಡುವುದಿಲ್ಲ. ಅಕ್ಷರವೊಂದಕ್ಕೆ ಕನಿಷ್ಠ 10 ಮಾದರಿ ಬೇಕು, ಅವನ್ನು ಪದದ ಮೊದಲು, ನಡು, ಕೊನೆ ಎಂದು ವಿಂಗಡಿಸಬೇಕು. ಎಸ್ ಅಕ್ಷರವನ್ನೇ ನೋಡಿ: ಪದದ ನಡುವೆ ಉದ್ದನೆಯದು ಬರುತ್ತದೆ, ಕೊನೆಯಲ್ಲಿ ದುಂಡನೆಯದು. ಸ್ಥಾನ ನೋಡದೆ ಒಂದು ಪ್ರತಿಯ ಉದ್ದ ಎಸ್ ಅನ್ನು ಇನ್ನೊಂದರ ದುಂಡು ಎಸ್ ಜೊತೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ.

ಮಾದರಿಗಳನ್ನು ಪುಸ್ತಕದ ಮೊದಲ ಹಾಳೆಯಿಂದ ತೆಗೆಯಬೇಡಿ, ಅಲ್ಲಿ ಕೈ ಬಿಗುವಾಗಿರುತ್ತದೆ. ಸಾಲಿನ ತುದಿಯ ಪದಗಳೂ ಬೇಡ, ಜಾಗ ಸಾಲದೆ ಅಕ್ಷರ ಇರುಕಿರುತ್ತದೆ. ಮೇಲಿನ ಸಾಲಿನ ಅಲಂಕಾರ, ಶೀರ್ಷಿಕೆ ಇವೂ ಬೇಡ. ಹಸ್ತಪ್ರತಿಯಲ್ಲಿ ಹಾಳೆಗಳ ಕಟ್ಟು ಸಾಮಾನ್ಯವಾಗಿ 8 ಹಾಳೆಯದು. ಕಟ್ಟಿನ ನಡುವಿನ ಪುಟಗಳಲ್ಲಿ ಕೈ ತನ್ನ ಓಟಕ್ಕೆ ಬಂದಿರುತ್ತದೆ. ಅಲ್ಲಿಂದಲೇ ತೆಗೆಯಿರಿ.

ಈಗ ಪ್ರತಿ ಅಕ್ಷರಕ್ಕೂ ನಾಲ್ಕು ಪ್ರಶ್ನೆ: ಗರಿ (ಹಕ್ಕಿಗರಿಯ ಲೇಖನಿ) ಎಲ್ಲಿ ಇಳಿಯಿತು, ಯಾವ ದಿಕ್ಕಿಗೆ ಹೋಯಿತು, ಎಷ್ಟು ಸಲ ಎದ್ದಿತು, ಎಲ್ಲಿ ಬಿಟ್ಟಿತು. ಕೆಲವು ಅಕ್ಷರಗಳು ಹೆಚ್ಚು ಮಾತಾಡುತ್ತವೆ.

ಜಿ: ಮೇಲಿನ ಹೊಟ್ಟೆ ಮುಚ್ಚಿದೆಯೋ, ಬಿರುಕು ಉಳಿದಿದೆಯೋ? ಕೆಳಗಿನದು ಮೇಲಿನದಕ್ಕಿಂತ ಅಗಲವೋ? ಬಲಗಡೆಯ ಸಣ್ಣ ಕಿವಿ ಮುಂದಿನ ಅಕ್ಷರಕ್ಕೆ ತಾಗುತ್ತದೆಯೋ, ಗಾಳಿಯಲ್ಲೇ ನಿಲ್ಲುತ್ತದೆಯೋ?

ಡಬ್ಲ್ಯೂ: ಎರಡು ಉದ್ದ ಗೆರೆ, ಕೊನೆಗೆ 3ರಂಥ ಮುಚ್ಚಿಗೆ. ಉದ್ದ ಗೆರೆಗಳ ತಲೆ ಯಾವ ಕಡೆ ಬಾಗಿದೆ, ಮುಚ್ಚಿಗೆಯ ಕೆಳಬಾಗು ಗೆರೆಗೆ ಸೇರಿದೆಯೇ ಎಂದು ನೋಡಿ. ಇಷ್ಟು ಗೆರೆ ಒಟ್ಟಿಗೆ ಬೇಕಾದ ಅಕ್ಷರದಲ್ಲಿ ಕೈಯ ರೂಢಿ ಬಚ್ಚಿಟ್ಟುಕೊಳ್ಳುವುದು ಕಷ್ಟ. ಒಂದೇ ಅಕ್ಷರ ನೋಡಲು ಸಮಯವಿದ್ದರೆ ಇದನ್ನೇ ನೋಡಿ.

ಡಿ: ಕಾಂಡ ಎಡಕ್ಕೆ ವಾಲಿ ಮೇಲೇರಿ, ಕುಣಿಕೆಯಾಗಿ ಇಳಿಯುತ್ತದೆ. ವಾಲು ಎಷ್ಟು, ಕುಣಿಕೆ ಇಳಿದು ಹೊಟ್ಟೆಗೆ ಮುಟ್ಟುತ್ತದೆಯೇ ಎಂದು ಗುರುತು ಹಾಕಿಕೊಳ್ಳಿ.

ಥಾರ್ನ್: ‘ಥ’ ಉಚ್ಚಾರದ ಹಳೆಯ ಅಕ್ಷರ. ಉತ್ತರ ಇಂಗ್ಲೆಂಡಿನ ಬರಹಗಾರರಲ್ಲಿ ಇದೂ ವೈ ಅಕ್ಷರವೂ ಒಂದೇ ಆಕಾರದಲ್ಲಿ ಬರುವುದುಂಟು. ಅದು ಸೀಮೆಯ ಲಕ್ಷಣ, ವ್ಯಕ್ತಿಯದಲ್ಲ.

ಗೆರೆಯ ದಪ್ಪವನ್ನು ಸಾಕ್ಷ್ಯವಾಗಿ ತರಬೇಡಿ. ಗರಿಯನ್ನು ಹೊಸದಾಗಿ ಕೆತ್ತಿದೊಡನೆ ದಪ್ಪ ಬದಲಾಗುತ್ತದೆ, ಅದೇ ಪುಟದ ಅರ್ಧದಲ್ಲೂ ಬದಲಾಗಬಹುದು. ಮಿಲಿಮೀಟರ್ ಅಳತೆಯೂ ಮೋಸ ಮಾಡುತ್ತದೆ. ಎಲ್ಸ್‌ಮಿಯರ್ ಪ್ರತಿ ಹೆಂಗರ್ಟ್‌ಗಿಂತ ಬಹಳ ದೊಡ್ಡದು. ಅನುಪಾತವನ್ನೇ ಅಳೆಯಿರಿ: ಎನ್‌ನಂಥ ಗಿಡ್ಡ ಅಕ್ಷರದ ಎತ್ತರಕ್ಕೆ ಎಲ್‌ನ ಕಾಂಡ ಎಷ್ಟು ಪಟ್ಟು?

ಗೆರೆಗಳ ಕ್ರಮ ಕಣ್ಣಿಗೆ ತಿಳಿಯದಿದ್ದರೆ ಅಕ್ಷರವನ್ನು ನೀವೇ ಬರೆದು ನೋಡಿ. ಅದಕ್ಕೆ ಚಪ್ಪಟೆ ತುದಿಯ ಲೇಖನಿಯೇ ಬೇಕು, 2 ಮಿ.ಮೀ. ಅಗಲದ್ದು ಸಾಕು. ಜೆಲ್ ಪೆನ್ನು, ಬ್ರಷ್ ಪೆನ್ನು ಕೊಳ್ಳಲೇಬೇಡಿ. ಮೊದಲನೆಯದು ದಪ್ಪ-ತೆಳು ತೋರಿಸುವುದಿಲ್ಲ, ಎರಡನೆಯದು ಒತ್ತಿದಷ್ಟೂ ಉಬ್ಬಿ ಸುಳ್ಳು ದಪ್ಪ ತೋರಿಸುತ್ತದೆ. ಪಾರದರ್ಶಕ ಕಾಗದ ಇಟ್ಟು ಒಂದರ ಮೇಲೊಂದು ಹೊಂದಿಸುವ ಅಡ್ಡದಾರಿಯೂ ಬೇಡ. ಒಬ್ಬನೇ ಬರೆದ ಎರಡು ಅಕ್ಷರಗಳೂ ಹಾಗೆ ಹೊಂದುವುದಿಲ್ಲ.

ಅಕ್ಷರದಾಚೆ

ವಿರಾಮದ ಓರೆಗೆರೆ, ಸಂಕ್ಷೇಪ ಚಿಹ್ನೆ, ಕಾಗುಣಿತ ಇವನ್ನು ಪ್ರತ್ಯೇಕ ಪಟ್ಟಿ ಮಾಡಿ. ಕಾಗುಣಿತಕ್ಕೆ 1986ರಲ್ಲಿ ಹೊರಬಂದ ಮಧ್ಯಯುಗದ ಇಂಗ್ಲಿಷಿನ ಭಾಷಾ ನಕಾಶೆ ನೆರವಾಗುತ್ತದೆ. ಆದರೆ ಲಿಪಿಕಾರ ಎದುರಿಗಿದ್ದ ಮೂಲಪ್ರತಿಯ ಕಾಗುಣಿತವನ್ನೇ ಇಳಿಸಿರಬಹುದು. ಅದನ್ನು ಪೂರಕ ಸಾಕ್ಷಿಯಾಗಿ ಮಾತ್ರ ಬಳಸಿ.

ಭೇದ ಹುಡುಕಿ

ಪಟ್ಟಿ ಮುಗಿದ ಮೇಲೆ ಹೋಲಿಕೆ ಎಣಿಸಬೇಡಿ, ಭೇದ ಎಣಿಸಿ. ಪ್ರತಿ ಭೇದಕ್ಕೂ ಗರಿ, ಜಾಗ, ಅವಸರ, ವಯಸ್ಸು ಇವುಗಳಲ್ಲಿ ಒಂದು ಕಾರಣ ಸಿಗುತ್ತದೆಯೇ ನೋಡಿ. 13ನೇ ಶತಮಾನದಲ್ಲಿ ವೂಸ್ಟರ್‌ನ ಹಳೆಯ ಪುಸ್ತಕಗಳಲ್ಲಿ ಟಿಪ್ಪಣಿ ಬರೆದ ಒಬ್ಬನ ಕೈ ನಡುಗುತ್ತಿತ್ತು, ವಿದ್ವಾಂಸರು ಅವನನ್ನು ‘ನಡುಗುಗೈ’ ಎಂದೇ ಕರೆಯುತ್ತಾರೆ. ಅವನ ಬರಹದಲ್ಲೂ ನಡುಕ ಎಲ್ಲ ಕಡೆ ಒಂದೇ ಸಮ ಇಲ್ಲ. ಕಾರಣ ಕೊಡಲಾಗದ ಭೇದ ಪದೇಪದೇ ಬಂದರೆ, ಅಲ್ಲಿಗೆ ಅದು ಬೇರೆ ಕೈ.

ಈ ಕ್ರಮ ಏನನ್ನು ಕೊಡಬಲ್ಲದು ಎನ್ನುವುದಕ್ಕೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಗೋವರ್ ಕವಿಯ ಹಸ್ತಪ್ರತಿ ಸಾಕ್ಷಿ. 1978ರಲ್ಲಿ ಡಾಯ್ಲ್ ಮತ್ತು ಪಾರ್ಕ್ಸ್ ಎಂಬ ವಿದ್ವಾಂಸರು ಅದರಲ್ಲಿ ಐದು ಕೈಗಳನ್ನು ಬಿಡಿಸಿ ಎ, ಬಿ, ಸಿ, ಡಿ, ಇ ಎಂದು ಕರೆದರು. ಮೇಲೆ ಹೇಳಿದ ಚಾಸರನ ಎರಡೂ ಪ್ರತಿಗಳು ಬಿ ಕೈಯವು ಎಂದರು. ಇ ಕೈಗೆ ಹೆಸರೂ ಸಿಕ್ಕಿತು: ರಾಜನ ಮುದ್ರಾ ಕಚೇರಿಯ ಗುಮಾಸ್ತ, ಕವಿ ಥಾಮಸ್ ಹಾಕ್ಲೀವ್. ಅವನು ಸ್ವಂತ ಕೈಯಲ್ಲಿ ಬರೆದ ಕವಿತೆಗಳ ಪ್ರತಿಗಳು ಉಳಿದಿದ್ದರಿಂದ ಹೋಲಿಸಲು ಗಟ್ಟಿ ನೆಲೆ ಇತ್ತು.

ಬಿ ಕೈಯ ಕತೆ ಹಾಗಲ್ಲ. ಲಂಡನ್ನಿನ ಬರಹಗಾರರ ಸಂಘದ ಪುಸ್ತಕದಲ್ಲಿರುವ ಪ್ರಮಾಣವಚನವನ್ನು ಆಧರಿಸಿ, ಅದು ಆಡಮ್ ಪಿಂಕ್‌ಹರ್ಸ್ಟ್ ಎಂಬ ಲಿಪಿಕಾರನ ಕೈ ಎಂದು ವಿದ್ವಾಂಸೆ ಲಿನ್ ಮೂನಿ 2004ರಲ್ಲಿ ಘೋಷಿಸಿದರು. 2011ರಲ್ಲಿ ಜೇನ್ ರಾಬರ್ಟ್ಸ್, 2018ರಲ್ಲಿ ಲಾರೆನ್ಸ್ ವಾರ್ನರ್ ಇದನ್ನು ಪ್ರಶ್ನಿಸಿದರು. ತೊಡಕು ಇರುವುದು ಮಾದರಿಯಲ್ಲೇ: ಪ್ರಮಾಣವಚನ ಕೆಲವೇ ಸಾಲಿನದು, ಅಲಂಕಾರದ ಬರಹ, ಅದೂ ಲ್ಯಾಟಿನ್. ಲ್ಯಾಟಿನ್‌ನಲ್ಲಿ ಹೆಸರುಗಳನ್ನು ಬಿಟ್ಟರೆ ಡಬ್ಲ್ಯೂ ಇಲ್ಲ, ಥಾರ್ನ್ ಇಲ್ಲವೇ ಇಲ್ಲ. ಹೆಚ್ಚು ಮಾತಾಡುವ ಅಕ್ಷರಗಳೇ ಅಲ್ಲಿ ಗೈರು. ಎರಡು ಕಡೆಯ ಬರಹ ಒಂದೇ ದರ್ಜೆಯದು, ಒಂದೇ ಭಾಷೆಯದು ಆಗದ ಹೊರತು ಹೆಸರಿಡುವ ಆತುರ ಬೇಡ.

ಫಲಿತಾಂಶವನ್ನು ‘ಒಂದೇ ಕೈ’, ‘ಬಹುಶಃ ಒಂದೇ ಕೈ’, ‘ಹೇಳಲಾಗದು’, ‘ಬೇರೆ ಕೈ’ ಎಂಬ ನಾಲ್ಕರಲ್ಲಿ ಒಂದಾಗಿ ಬರೆಯಿರಿ. ಪ್ರತಿ ಮಾದರಿಯ ಪಕ್ಕದಲ್ಲಿ ಹಾಳೆಯ ಸಂಖ್ಯೆ, ಮುಂಬದಿಯೋ ಹಿಂಬದಿಯೋ, ಎಷ್ಟನೇ ಸಾಲು ಎಂಬುದು ಇರಲಿ. ನಿಮ್ಮ ಮಾತನ್ನು ಒಪ್ಪದವರು ನೇರವಾಗಿ ಆ ಅಕ್ಷರಕ್ಕೇ ಹೋಗಿ ನೋಡುವಂತಿರಬೇಕು.