ಸ್ಟಾರ್ ಕಟ್ಟಲು ಮನಸ್ಸಾಗದ ವರ್ಷ ಕ್ರಿಸ್ಮಸ್ ಓದುವ ಬಗೆ

ನಾನು 34 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು, ಅದರಲ್ಲಿ ಹೆಚ್ಚಿನ ಕಾಲ ಹೆರಿಗೆ ವಾರ್ಡಿನಲ್ಲಿ. ಊರು ಗದಗಿಗೆ ಹತ್ತಿದ ಬೆಟಗೇರಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಘಟ್ಟ ಹತ್ತಿ ಈ ಕಡೆ ಕಟ್ಟಿದ ಕ್ರೈಸ್ತ ಸಭೆಗಳಿವೆಯಲ್ಲ, ಅಂಥ ಒಂದು ಸಭೆಯಲ್ಲಿ ನಮ್ಮ ಅಜ್ಜನ ಕಾಲದಿಂದ ಇದ್ದೇವೆ. ಕ್ರಿಸ್ಮಸ್ ನನಗೆ ಹೊಸದಲ್ಲ. ಆದರೂ ಅದನ್ನು ಹೇಗೆ ಓದಬೇಕೆಂದು ತಿಳಿದದ್ದು ಅರವತ್ತು ದಾಟಿದ ಮೇಲೆ.

ಆ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಮನೆಯವರು ತೀರಿಕೊಂಡಿದ್ದರು. ಡಿಸೆಂಬರ್ ಬಂತು. ನಾನು ಸ್ಟಾರ್ ಕಟ್ಟಲಿಲ್ಲ, ಕರ್ಜಿಕಾಯಿಗೆ ಹಿಟ್ಟು ನಾದಲಿಲ್ಲ. ಸಭೆಯ ಹುಡುಗರು ಕ್ಯಾರಲ್ಸ್ ಹಾಡುತ್ತ ಓಣಿಗೆ ಬಂದ ರಾತ್ರಿ ದೀಪ ಆರಿಸಿ ಒಳಗೆ ಕೂತೆ. ಅವರು ಗೇಟಿನ ಹೊರಗೆ ನಿಂತು ಒಂದು ಹಾಡು ಪೂರ್ತಿ ಹಾಡಿ, ತುಸು ಹೊತ್ತು ಕಾದು ಹೋದರು. "ಸಿಸ್ಟರ್ ಮಲಗ್ಯಾರ ಕಾಣ್ತದ" ಅಂತ ಒಬ್ಬ ಅಂದದ್ದು ಕೇಳಿಸಿತು. ಮರುದಿನ ಎದುರುಮನೆಯಾಕೆ ಕೇಳಿದಳು: "ಯಾಕ್ರೀ ಸಿಸ್ಟರ್, ಈ ಸಲ ಸ್ಟಾರ್ ಹಚ್ಚಿಲ್ಲಲ್ಲ? ನಮ್ಮ ಮೊಮ್ಮಗ ದಿನಾ ನಿಮ್ಮ ಮಾಳಗಿ ಕಡೆ ನೋಡ್ತಾನ." ಹಬ್ಬ ಮಾಡೋ ಮನಸ್ಸಿಲ್ಲ ಅಂದೆ. "ಹಬ್ಬ ಬ್ಯಾಡ ಬಿಡ್ರಿ, ಲೈಟರ ಹಚ್ರಿ" ಅಂದಳು.

ನಾನು ಆಗ ಹಚ್ಚಲಿಲ್ಲ. ಆದರೆ ಆ ರಾತ್ರಿ ಸತ್ಯವೇದ, ಅಂದರೆ ಬೈಬಲ್, ತೆಗೆದೆ. ಅವತ್ತು ಶುರುವಾದದ್ದನ್ನೇ ಈಗ ಬರೆಯುತ್ತಿದ್ದೇನೆ. ಮನಸ್ಸು ದಣಿದಿರುವವರಿಗೆ, ಮನೆಯಲ್ಲಿ ಒಂದು ಕುರ್ಚಿ ಖಾಲಿಯಾದವರಿಗೆ, ಸಂತೋಷದ ಹಾಡು ಕೇಳಿದರೆ ಎದ್ದು ಹೋಗಬೇಕು ಅನ್ನಿಸುವವರಿಗೆ ಇದು.

ಎಷ್ಟು ಓದಬೇಕು ಅನ್ನುವುದು ಮೊದಲು. ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇವೆ, ಹಾಗಾಗಿ ಡಿಸೆಂಬರ್ 1ರಿಂದ ದಿನಕ್ಕೊಂದು ಅಧ್ಯಾಯ ಓದುವವರು ಬಹಳ ಮಂದಿ. ಒಳ್ಳೆಯದೇ. ಆದರೆ ಮೊದಲ ದಿನವೇ 80 ವಚನದ ಅಧ್ಯಾಯ ಎದುರಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಅದಕ್ಕಿಂತ ಉದ್ದದ ಅಧ್ಯಾಯ ಇನ್ನೊಂದಿಲ್ಲ. ದಣಿದವರು ಮೂರನೆಯ ದಿನಕ್ಕೆ ಬಿಟ್ಟುಬಿಡುತ್ತಾರೆ, ಆಮೇಲೆ ಬಿಟ್ಟೆನಲ್ಲ ಅನ್ನುವ ಕೊರಗು ಬೇರೆ. ನನ್ನ ಲೆಕ್ಕ ಸಣ್ಣದು. ಯೇಸುವಿನ ಹುಟ್ಟಿನ ಕಥೆ ಇರುವುದು ಲೂಕನ ಮೊದಲ ಎರಡು ಅಧ್ಯಾಯ, ಮತ್ತಾಯನ ಸುವಾರ್ತೆಯ ಮೊದಲ ಎರಡು ಅಧ್ಯಾಯದಲ್ಲಿ. ಎಲ್ಲ ಸೇರಿ 180 ವಚನ. 24 ದಿನಕ್ಕೆ ಹಂಚಿದರೆ ದಿನಕ್ಕೆ ಏಳೆಂಟು ವಚನ. ಒಲೆಯ ಮೇಲೆ ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಬಾಯಿಬಿಟ್ಟು ಓದಿ. ನಿಮ್ಮ ದನಿ ನಿಮ್ಮ ಕಿವಿಗೆ ಬೀಳಬೇಕು, ಅದರಲ್ಲೂ ಒಬ್ಬರೇ ಇರುವ ಮನೆಯಲ್ಲಿ.

ಇನ್ನು ಒಂದು ನೋಟುಬುಕ್ಕು ಬೇಕು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ನಾವು ಹ್ಯಾಂಡ್‌ಓವರ್ ಬರೆಯುತ್ತಿದ್ದೆವು: ಹಾಸಿಗೆ ನಂಬರು, ಹೆಸರು, ವಯಸ್ಸು, ತೊಂದರೆ ಏನು, ಏನು ಕೊಟ್ಟಿದೆ, ಬೆಳಗಿನ ತನಕ ಏನು ನೋಡಬೇಕು. ಅದೇ ಚಟದಲ್ಲಿ ನಾನು ಕ್ರಿಸ್ಮಸ್ ಕಥೆಯವರನ್ನೂ ಬರೆಯತೊಡಗಿದೆ. ನಗಬೇಡಿ. ನನ್ನ ಪುಸ್ತಕದಲ್ಲಿ ಹೀಗಿದೆ:

ಜಕರೀಯ. ಮುಪ್ಪಿನವ, ಯಾಜಕ. ಮಕ್ಕಳಿಲ್ಲ. ಪ್ರಾರ್ಥನೆ ಕೇಳಿಬಂತು, ಮಗು ಹುಟ್ಟುತ್ತದೆ ಎಂದು ದೇವದೂತ ಹೇಳಿದಾಗ ನಂಬಲಿಲ್ಲ, ಮಾತು ನಿಂತಿದೆ. ಮಗು ಹುಟ್ಟಿ ಎಂಟನೆಯ ದಿನದ ತನಕ ಹಾಗೇ ಇರುತ್ತದೆ. ಹಲಗೆ, ಬರೆಯಲು ಏನಾದರೂ ಹತ್ತಿರ ಇಡಿ.

ಎಲಿಸಬೇತ್. ಅವನ ಹೆಂಡತಿ. ಇಳಿವಯಸ್ಸಿನಲ್ಲಿ ಮೊದಲ ಬಸಿರು. ಐದು ತಿಂಗಳು ಮರೆಯಾಗಿದ್ದಳು. ಯಾಕೆ ಅಂತ ಕೇಳಬೇಡಿ.

ಮರಿಯ. ನಜರೇತ್. ಬಡಗಿ ಯೋಸೇಫನ ಜೊತೆ ಮದುವೆ ನಿಶ್ಚಯವಾಗಿದೆ, ಆಗಿಲ್ಲ. ಊರವರ ಬಾಯಿ ನೋಡಿಕೊಳ್ಳಬೇಕು. ಎಲಿಸಬೇತಳ ಹತ್ತಿರ ಸುಮಾರು ಮೂರು ತಿಂಗಳು ಇರುತ್ತಾಳೆ.

ಇದನ್ನು ಬರೆಯುತ್ತಿರುವಾಗಲೇ ಒಂದು ಲೆಕ್ಕ ಹೊಳೆಯಿತು. ಎಲಿಸಬೇತಳಿಗೆ ಆರನೆಯ ತಿಂಗಳಲ್ಲಿ ಮರಿಯ ಅಲ್ಲಿಗೆ ಹೋದದ್ದು, ಮೂರು ತಿಂಗಳು ಇದ್ದದ್ದು. ಆರು, ಮೂರು, ಒಂಬತ್ತು. ದಿನ ತುಂಬುವ ತನಕ ಆ ಹುಡುಗಿ ಆ ಮುದುಕಿಯ ಜೊತೆಗಿದ್ದಳು. ಒಬ್ಬರಿಗೆ ವಯಸ್ಸು ಮೀರಿದೆ, ಇನ್ನೊಬ್ಬಳಿಗೆ ಹೇಳಿಕೊಳ್ಳಲು ಆಗದ ಬಸಿರು. ಇಬ್ಬರೂ ಒಂದೇ ಅಡಿಗೆಮನೆಯಲ್ಲಿ. ಎಷ್ಟೋ ಸಲ ಈ ಭಾಗ ಕೇಳಿದ್ದೆ, ಎರಡು ಬಸಿರಿಯರನ್ನು ಒಮ್ಮೆಯೂ ನೋಡಿರಲಿಲ್ಲ. ನಿಮ್ಮ ಕಸುಬು ಬೇರೆ ಇರಬಹುದು. ಬಡಿಗರಾದರೆ ಯೋಸೇಫನ ಕೈ ನೋಡಿ, ಮಗ್ಗದವರಾದರೆ ಮಗುವನ್ನು ಸುತ್ತಿದ ಬಟ್ಟೆ ನೋಡಿ. ನಿಮಗೆ ಗೊತ್ತಿರುವ ಕೆಲಸದ ಕಡೆಯಿಂದಲೇ ಒಳಗೆ ಹೋಗಿ.

ಪ್ರತಿಯೊಬ್ಬರ ಹೆಸರಿನ ಕೆಳಗೆ ಅವರಿಗೆ ಹೇಳಿದ ಮಾತನ್ನೂ ಬರೆಯಿರಿ. "ಹೆದರಬೇಡ" ಅನ್ನುವುದು ಜಕರೀಯನಿಗೆ ಒಮ್ಮೆ, ಮರಿಯಳಿಗೆ ಒಮ್ಮೆ, ಕುರುಬರಿಗೆ ಒಮ್ಮೆ, ಮತ್ತಾಯನಲ್ಲಿ ಯೋಸೇಫನಿಗೆ ಒಮ್ಮೆ. ನಾಲ್ಕು ಸಲ. ನಾನೂ ಆ ಮಾತನ್ನು ಎಷ್ಟು ಬಾಣಂತಿಯರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬರೀ "ಹೆದರಬ್ಯಾಡವಾ" ಅಂದರೆ ಯಾರ ಹೆದರಿಕೆಯೂ ಹೋಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಕೈ ಹಿಡಿದು, ಈಗ ಏನಾಗುತ್ತಿದೆ, ಮುಂದೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕು. ದೂತನೂ ಹಾಗೆಯೇ ಮಾಡುತ್ತಾನೆ, ಗಮನಿಸಿ. ನಾಲ್ಕೂ ಕಡೆ ಆ ಮಾತಿನ ಹಿಂದೆಯೇ ಒಂದು ಸುದ್ದಿ ಇದೆ. ಹೆದರಿದ್ದಕ್ಕೆ ಯಾರನ್ನೂ ಬೈದಿಲ್ಲ.

ನಾನು ಹೆಚ್ಚು ಹೊತ್ತು ನಿಲ್ಲುವುದು ಗೋದಲಿಯ ಹತ್ತಿರ. ನಮ್ಮ ಕಡೆ ಗ್ವಾದ್ಲಿ ಅನ್ನುತ್ತೇವೆ. ಕ್ರಿಸ್ಮಸ್ ಕಾರ್ಡುಗಳಲ್ಲಿ ಊರಾಚೆ ಒಂಟಿ ಕೊಟ್ಟಿಗೆ, ಸುತ್ತ ಹಿಮ. ನಮ್ಮ ಅಜ್ಜನ ಹಳ್ಳಿಯ ಮನೆ ಹಾಗಿರಲಿಲ್ಲ. ತಲಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಅದರ ಮೇಲೆ ಎರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲಿ, ನಡುವೆ ಗ್ವಾದ್ಲಿ. ರಾತ್ರಿ ಎತ್ತು ಮೆಲಕು ಹಾಕುವ ಸದ್ದಿಗೆ ನಮಗೆ ನಿದ್ದೆ ಬರುತ್ತಿತ್ತು. ಬೇತ್ಲೆಹೇಮ್ ಇರುವ ಯೂದಾಯ ಸೀಮೆಯ ಬಡವರ ಮನೆಗಳೂ ಹೀಗೆಯೇ ಇದ್ದವು, ಒಂದೇ ಸೂರಿನ ಕೆಳಗೆ ತಗ್ಗಿನಲ್ಲಿ ದನ, ಎತ್ತರದಲ್ಲಿ ಜನ, ಅನ್ನುತ್ತಾರೆ ಆ ಕಾಲವನ್ನು ಓದಿಕೊಂಡ ಪಂಡಿತರು. ಬೇತ್ಲೆಹೇಮಿಗೆ ಬಂದ ಮರಿಯ, ಯೋಸೇಫರಿಗೆ ಛತ್ರದಲ್ಲಿ ಜಾಗ ಸಿಗದೆ ಕೂಸನ್ನು ಗೋದಲಿಯಲ್ಲಿ ಮಲಗಿಸಿದರು ಅನ್ನುತ್ತದೆ ಕಥೆ. ನಮ್ಮ ಸತ್ಯವೇದದಲ್ಲಿ 'ಛತ್ರ' ಅಂತಿರುವ ಕಡೆ ಲೂಕ ಬರೆದ ಗ್ರೀಕ್ ಮಾತು 'ಕತಾಲುಮ'. ಕೊನೆಯ ರಾತ್ರಿಯ ಊಟಕ್ಕೆ ಯೇಸು ಕೇಳಿದ ಕೋಣೆಗೂ ಅವನು ಅದೇ ಮಾತು ಬಳಸುತ್ತಾನೆ. ಯೇಸು ಹೇಳಿದ ಒಂದು ಕಥೆಯಲ್ಲಿ ಗಾಯಗೊಂಡವನನ್ನು ಸಮಾರ್ಯ ಸೀಮೆಯವನೊಬ್ಬ ಕರೆದೊಯ್ದ, ದುಡ್ಡು ಕೊಟ್ಟು ಇಳಿಯುವ ಜಾಗಕ್ಕೆ ಬೇರೆ ಮಾತು ಇದೆ. ಹಾಗಾದರೆ ಬೇತ್ಲೆಹೇಮಿನಲ್ಲಿ ತುಂಬಿದ್ದು ಬಂದವರನ್ನು ಇಳಿಸುವ ಕೋಣೆಯಿರಬಹುದು. ಆಗ ಮನೆಯವರು ಅವರನ್ನು ತಾವು ಮಲಗುವಲ್ಲಿಗೇ ಕರೆದು, ದನದ ಪಕ್ಕ ಜಾಗ ಮಾಡಿಕೊಟ್ಟಿರಬೇಕು.

ಇದು ನನಗೆ ಯಾಕೆ ಧೈರ್ಯ ಕೊಟ್ಟಿತು ಅಂದರೆ, ನನ್ನ ಮನೆಯನ್ನು ನೋಡಿಕೊಂಡೆ. ಒಗೆಯದ ಬಟ್ಟೆ, ಅವರ ಔಷಧಿ ಡಬ್ಬಿ ಇನ್ನೂ ಟೇಬಲ್ಲಿನ ಮೇಲೆ, ಸುಣ್ಣ ಹಚ್ಚದ ಗೋಡೆ. ಸಜ್ಜು ಮಾಡಿದ ಕೋಣೆ ಇಲ್ಲ. ಕರ್ತನು ಬರುವುದಕ್ಕೆ ಸಜ್ಜು ಮಾಡಿದ ಕೋಣೆ ಅಲ್ಲೂ ಇರಲಿಲ್ಲ. ಆಮೇಲೆ ಆ ಡಬ್ಬಿ ತೆಗೆದಿಡದೆಯೇ ಅದರ ಪಕ್ಕ ಮೇಣದ ಬತ್ತಿ ಹಚ್ಚಿದೆ. ನೀವೂ ಮನೆ ಚೊಕ್ಕ ಮಾಡಿಯೇ ಪ್ರಾರ್ಥನೆಗೆ ಕೂಡಬೇಕು ಅಂತ ಕಾಯಬೇಡಿ. ಇದ್ದ ಹಾಗೇ ಕೂಡಿ.

ಗೋದಲಿಯ ಮಾತಿರುವ ಅದೇ ವಚನದಲ್ಲಿ ಇನ್ನೊಂದು ಮಾತು. ಮಗುವನ್ನು ಬಟ್ಟೆಯಲ್ಲಿ ಸುತ್ತಿದ್ದು ಮರಿಯಳೇ. ಸೂಲಗಿತ್ತಿಯ ಮಾತು ಲೂಕನಲ್ಲಿ ಇಲ್ಲ, ತಾಯಿಯ ತಾಯಿಯೂ ಇಲ್ಲ. ನಜರೇತಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಮ್ಮ ಗದಗಿನಿಂದ ಹುಬ್ಬಳ್ಳಿಗೆ ನಡೆದು ಹೋಗಿ ನಡೆದೇ ಬಂದಷ್ಟು. ಹಾಗೆ ಬಂದು ಹೆತ್ತ ಚೊಚ್ಚಲು ಬಾಣಂತಿ ತಾನೇ ಎದ್ದು ಕೂಸನ್ನು ಬೆಚ್ಚಗೆ ಸುತ್ತುತ್ತಾಳೆ. ಹುಟ್ಟಿದ ಕೂಸಿಗೆ ಮೊದಲು ಬೇಕಾದದ್ದು ಬಿಸುಪು. ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನು ಮೊದಲು ಕಲಿಸುತ್ತಿದ್ದದ್ದೂ ಅದನ್ನೇ. ದೇವರಿಗೂ ಅದು ಬೇಕಾಯಿತು ಅನ್ನುವಲ್ಲಿ ನಾನು ಪ್ರತಿ ವರ್ಷ ಪುಸ್ತಕ ಮುಚ್ಚಿ ಸುಮ್ಮನೆ ಕೂರುತ್ತೇನೆ.

ಮುಂದೆ ಕುರುಬರು. ಅವರದು ನೈಟ್ ಡ್ಯೂಟಿ, ಅಷ್ಟೇ ಹೇಳಿದರೆ ನನ್ನಂಥವರಿಗೆ ಸಾಕು. ಸುಗ್ಗಿಯಾದ ಹೊಲಗಳಲ್ಲಿ ಕುರಿ ನಿಲ್ಲಿಸಿ ಕಂಬಳಿ ಹೊದ್ದು ಬಯಲಲ್ಲೇ ಮಲಗುವವರನ್ನು ನಮ್ಮ ಕಡೆ ಯಾರು ನೋಡಿಲ್ಲ? ಊರು ಮಲಗಿದ್ದಾಗ ಎಚ್ಚರಿದ್ದವರಿಗೆ ಮೊದಲು ಸುದ್ದಿ ಮುಟ್ಟಿತು. ಅವರು ಹೋಗಿ ನೋಡಿ, ಮತ್ತೆ ಕುರಿಗಳ ಹತ್ತಿರ ಹಿಂದಿರುಗಿದರು. ಅವರ ಸಂಬಳ ಹೆಚ್ಚಲಿಲ್ಲ, ಚಳಿ ಕಡಿಮೆಯಾಗಲಿಲ್ಲ. 24ರ ರಾತ್ರಿ ಆರಾಧನೆ ಮುಗಿದ ಮೇಲೆ ಒಂದು ಕೆಲಸ ಮಾಡಿ: ಫ್ಲಾಸ್ಕಿನಲ್ಲಿ ಚಹಾ, ನಾಲ್ಕು ಚಕ್ಕುಲಿ ತೆಗೆದುಕೊಂಡು ಎಚ್ಚರಿರುವ ಯಾರ ಹತ್ತಿರವಾದರೂ ಹೋಗಿ. ಎಟಿಎಂ ಕಾವಲುಗಾರ, ಬಸ್ ಸ್ಟ್ಯಾಂಡಿನ ಹಮಾಲಿ, ಆಸ್ಪತ್ರೆಯ ಆಯಾ, ಯಾರಾದರೂ ಸರಿ. ಉಪದೇಶ ಬೇಡ. ಚಹಾ ಕೊಟ್ಟು, ಕುಡಿಯುವ ತನಕ ನಿಲ್ಲಿ.

ಅಳು ಬಂದರೆ ಮತ್ತಾಯನ ಎರಡನೆಯ ಅಧ್ಯಾಯಕ್ಕೆ ಹೋಗಿ. ಸಭೆಗಳಲ್ಲಿ ಜ್ಞಾನಿಗಳು ಕೂಸಿಗೆ ತಂದ ಚಿನ್ನ, ಧೂಪ, ರಕ್ತಬೋಳದ ತನಕ ಓದಿ ನಿಲ್ಲಿಸಿಬಿಡುತ್ತಾರೆ. (ಜ್ಞಾನಿಗಳು ಮೂವರು ಅಂತ ಅಲ್ಲಿ ಎಲ್ಲೂ ಬರೆದಿಲ್ಲ, ಕಾಣಿಕೆ ಮೂರು, ಅಷ್ಟೇ.) ಅದರ ಮುಂದೆಯೇ ಅರಸ ಹೆರೋದನು ಬೇತ್ಲೆಹೇಮಿನ ಗಂಡುಕೂಸುಗಳನ್ನು ಕೊಲ್ಲಿಸುವುದು, ಯೋಸೇಫ ರಾತ್ರೋರಾತ್ರಿ ತಾಯಿಮಗನನ್ನು ಕರೆದುಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಓಡುವುದು, ಪ್ರವಾದಿಯ ಮಾತಿನಲ್ಲಿ ಬರುವ ತಾಯಿ ರಾಹೇಲಳು ಮಕ್ಕಳಿಗಾಗಿ ಅಳುತ್ತ ಸಮಾಧಾನವನ್ನೇ ಒಲ್ಲೆನೆನ್ನುವುದು. ಕ್ರಿಸ್ಮಸ್ ಕಥೆಯೊಳಗೇ ಒಬ್ಬ ತಾಯಿ ಸಮಾಧಾನ ಬೇಡ ಅನ್ನುತ್ತಾಳೆ, ಅವಳನ್ನು ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲ. "ಹಬ್ಬದ ದಿನ ಅಳಬಾರದ್ರೀ" ಅನ್ನುವವರಿಗೆ ಈ ಪುಟ ತೋರಿಸಿ. ನಾನು ತೋರಿಸಿದ್ದೇನೆ.

ಡಿಸೆಂಬರ್ 25 ಸತ್ಯವೇದದಲ್ಲಿ ಎಲ್ಲಿದೆ ಅಂತ ಯಾರಾದರೂ ವಾದಕ್ಕೆ ಬಂದರೆ ಹೊತ್ತು ಕಳೆಯಬೇಡಿ. ಇಲ್ಲ. ರೋಮಿನ 354ರ ಒಂದು ಪಂಚಾಂಗದಲ್ಲಿ ಇದೆ, ಅರ್ಮೇನಿಯದ ಸಭೆ ಜನವರಿ 6ರಂದು ಮಾಡುತ್ತದೆ. ತಾರೀಖಿಗಿಂತ ನನಗೆ ಬೇಕಾದದ್ದು ಆಮೇಲಿನ 40 ದಿನ.

ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಗಂಡುಮಗು ಹೆತ್ತವಳಿಗೆ ಶುದ್ಧಿಯ ತನಕ 40 ದಿನ. ನಮ್ಮ ಬಾಣಂತನದ ಲೆಕ್ಕವೂ ಅಷ್ಟೇ ಅಲ್ಲವೇ. ಅದು ತುಂಬಿದ ಮೇಲೆ ಮರಿಯ, ಯೋಸೇಫ ಕೂಸಿನ ಜೊತೆ ದೇವಾಲಯಕ್ಕೆ ಹೋಗುತ್ತಾರೆ, ಕುರಿಮರಿ ತರಲಾಗದ ಬಡವರಿಗೆ ಹೇಳಿದ್ದ ಎರಡು ಹಕ್ಕಿಗಳ ಕಾಣಿಕೆ ಕೊಡುತ್ತಾರೆ. ಅಲ್ಲಿ ಅನ್ನ ಅನ್ನುವ ಹೆಸರಿನ ಮುದುಕಿ ಇದ್ದಾಳೆ. ನನ್ನ ಪುಸ್ತಕದ ಕೊನೆಯ ಹೆಸರು ಅವಳದು: ಗಂಡನ ಜೊತೆ ಏಳು ವರ್ಷ, ಆಮೇಲೆ ವಿಧವೆ, 84 ವರ್ಷ, ದೇವಾಲಯ ಬಿಟ್ಟು ಹೋಗುವುದಿಲ್ಲ. 'ತೊಂದರೆ' ಅನ್ನುವ ಕಡೆ ನಾನು ಏನೂ ಬರೆದಿಲ್ಲ. 'ಬೆಳಗಿನ ತನಕ ಏನು ನೋಡಬೇಕು' ಅನ್ನುವ ಕಡೆ ಬರೆದದ್ದು: ಕೂಸನ್ನು ನೋಡಿದ್ದಾಳೆ, ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಹಾಗಾಗಿ ಡಿಸೆಂಬರ್ 26ಕ್ಕೆ ಪುಸ್ತಕ ಕಟ್ಟಿಡಬೇಡಿ. 25ರಿಂದ ಎಣಿಸಿದರೆ ನಲವತ್ತನೆಯ ದಿನ ಫೆಬ್ರವರಿ 2 ಆಗುತ್ತದೆ; ಆ ಸಂಜೆ ಅನ್ನಳ ಮೂರು ವಚನ ಇನ್ನೊಮ್ಮೆ ಓದಿ. ನಾನು ಈಗ ಸ್ಟಾರನ್ನೂ ಆವತ್ತೇ ಇಳಿಸುವುದು. ಸಂಕ್ರಾಂತಿ ಕಳೆದರೂ ನಮ್ಮ ಮಾಳಗಿಯ ಮೇಲೆ ಬೆಳಕು ಇರುತ್ತದೆ, ಓಣಿಯವರಿಗೆ ರೂಢಿಯಾಗಿದೆ. ಎದುರುಮನೆಯ ಮೊಮ್ಮಗ ಬಂದು ಏಣಿ ಹಿಡಿಯುತ್ತಾನೆ, ಬಲ್ಬು ಅವನೇ ಬಿಚ್ಚುತ್ತಾನೆ, ನಾನು ಕೆಳಗೆ ನಿಂತು ಸ್ಟಾರನ್ನು ಹಳೆಯ ಸೀರೆಯಲ್ಲಿ ಸುತ್ತುತ್ತೇನೆ.