ಸರ್ಕಾರಿ ಶಾಲೆಯಲ್ಲಿ ಎರಡನೇ ಸಮವಸ್ತ್ರವನ್ನು ಕಡ್ಡಾಯ ಮಾಡುವ ಮುನ್ನ

ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರ ಉಚಿತವಾಗಿ ದೊರೆಯುವುದರಿಂದ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿಜವಾಗಿ ಚರ್ಚೆಗೆ ಬರುವುದು ಪೋಷಕರು ಸ್ವಂತ ಹಣದಿಂದ ಕೊಳ್ಳಬೇಕಾದ ಹೆಚ್ಚುವರಿ ಜೊತೆಯ ವಿಷಯ. ಅದನ್ನು ಕಡ್ಡಾಯಗೊಳಿಸುವ ಮೊದಲು ಬಟ್ಟೆ, ಹೊಲಿಗೆ ಕೂಲಿ, ಶೂ, ಬೆಲ್ಟ್ ಎಲ್ಲವನ್ನೂ ಕೂಡಿಸಿ, ಮೂವರು ಮಕ್ಕಳಿರುವ ಕೂಲಿಕಾರರ ಮನೆಗೆ ಒಟ್ಟು ಎಷ್ಟು ಖರ್ಚು ಬೀಳುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿರಿ. ಆ ಮೊತ್ತವನ್ನು ಕಣ್ಣಾರೆ ಕಂಡ ಮೇಲೆ ಸಭೆಯ ಮಾತಿನ ಧಾಟಿಯೇ ಬದಲಾಗುತ್ತದೆ.

1995ರ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮವನ್ನು ಓದಿಸಿರಿ: ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು 5 ವರ್ಷ ಬದಲಿಸುವಂತಿಲ್ಲ, ಬದಲಿಸುವುದಿದ್ದರೆ ಪೋಷಕರಿಗೆ 1 ವರ್ಷ ಮುಂಚೆ ತಿಳಿಸಬೇಕು.

ಸಮಿತಿ ಒಪ್ಪಿದರೆ, ಯಾವ ಅಂಗಡಿಯಲ್ಲಾದರೂ ಸಿಗುವ ಬಣ್ಣವನ್ನೇ ಆರಿಸಿರಿ. ಲಂಗ ಮತ್ತು ಪ್ಯಾಂಟಿನ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ಒಳಗೆ ಮಡಚಿ ಹೊಲಿಯುವಂತೆ ದರ್ಜಿಗೆ ಹೇಳಿದರೆ, ಮಗು ಬೆಳೆದಂತೆ ಮಡಿಕೆ ಬಿಚ್ಚಿ ಮರುವರ್ಷವೂ ಅದನ್ನೇ ಉಡಿಸಬಹುದು. ಗಿಡ್ಡವಾದ ಬಟ್ಟೆಯನ್ನು ಒಗೆದು, ಗುಂಡಿ ಹಾಕಿ ಶಾಲೆಯ ಬೀರುವಿನಲ್ಲಿಟ್ಟರೆ ಚಿಕ್ಕವರಿಗೆ ಉಪಯೋಗಕ್ಕೆ ಬರುತ್ತದೆ.

ಸಮವಸ್ತ್ರ ಇರಬೇಕೆಂಬುದೇ ನನ್ನ ಅಭಿಪ್ರಾಯ, ಏಕೆಂದರೆ ಹಬ್ಬಕ್ಕೂ ಹೊಸಬಟ್ಟೆ ಕಾಣದ ಮಗು ಅದರಿಂದ ಉಳಿದವರ ಸಾಲಿನಲ್ಲಿ ಸಂಕೋಚವಿಲ್ಲದೆ ನಿಲ್ಲುತ್ತದೆ. ಆದರೆ ಮಳೆಗಾಲದಲ್ಲಿ ಒಣಗದ ಅಂಗಿಯ ಕಾರಣಕ್ಕೆ ಯಾವ ಮಗುವನ್ನೂ ತರಗತಿಯ ಹೊರಗೆ ನಿಲ್ಲಿಸಬಾರದು. ಈ ಮಾತನ್ನು ನಡಾವಳಿ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಸಿ, ಎಲ್ಲ ಸದಸ್ಯರ ಸಹಿ ಪಡೆಯಿರಿ.